ಮಾವಶಿಗೊಂದು ನಗುವ ಫೋಟೋ

ಚಂದ ಹುಡುಕಿಕೊಂಡು ಹೊರಗಿನವರು ನಮ್ಮ ಕಡೆ ಬಂದಾಗಲೆಲ್ಲ ಏನಾದರೊಂದು ಯಡವಟ್ಟು ಆಗೇ ಆಗುತ್ತದೆ. ಅವರದೂ ತಪ್ಪಲ್ಲ, ನಮ್ಮದೂ ತಪ್ಪಲ್ಲ ಎಂದು ಹೇಳಿ ಮುಗಿಸುವ ರೂಢಿ ಇದೆ. ನಾನು ಹಾಗೆ ಹೇಳುವವಳಲ್ಲ. ತಪ್ಪು ಅವರದೇ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ನಿಪ್ಪಾಣಿಯ ತಂಬಾಕು ವಖಾರ ಸೇರಿದವಳು ನಾನು. ವಖಾರ ಅಂದರೆ ತಂಬಾಕು ಹಸನು ಮಾಡಿ ತುಂಬಿಡುವ ದೊಡ್ಡ ಗೋದಾಮು. ಓದಲು ಕಲಿತದ್ದು ಮುಷ್ಕರದ ಕರಪತ್ರ ಮತ್ತು ಮಾಲಕರ ನೋಟೀಸು ನೋಡಿ. ಈಚೆಗೆ ಬೆಂಗಳೂರಿನ ಒಂದು ಫ್ಯಾಷನ್ ತಂಡಕ್ಕೆ ಫೋಟೋ ತೆಗೆಯಲು ಮುಚ್ಚಿದ ವಖಾರವೊಂದು ಬೇಕಾಯಿತು. ಊರಲ್ಲಿ ಎಲ್ಲರೂ ನನ್ನ ಕಡೆಗೇ ಕೈ ತೋರಿಸಿದರಂತೆ: "ಆ ಬಾಗಲಾ ತಗಸಾಕ ಆಕಿನ ಬೇಕ್ರಿ. ಮುಷ್ಕರಾ ಮಾಡಿ ಮುಚ್ಚಿಸಿದಾಕಿನೂ ಆಕಿನ."

೧. ಬೇಡಿಕೆ ಪಟ್ಟಿ

ತಂಡದಲ್ಲಿ ಮುಖ್ಯರಾದವರು ಮೂವರು: ಫೋಟೋಗ್ರಾಫರ, ಬಟ್ಟೆ ಉಡಿಸುವ ಮೇಡಂ, ಉಟ್ಟು ನಿಲ್ಲುವ ಮಾಡೆಲ್ ಹುಡುಗಿ. "ನಿಜವಾದ ಕೆಲಸಗಾರರು ಹಿಂದೆ ನಿಂತಿರ್ಬೇಕು, ಅದೇ ಕಾನ್ಸೆಪ್ಟು" ಎಂದ ಫೋಟೋಗ್ರಾಫರ. ನಾನು ಮಾವಶಿಯ ಮನೆಗೆ ಹೋದೆ.

ಮಾವಶಿ ಅಂದರೆ ಅವ್ವನ ತಂಗಿ, ಆದರೆ ಇವಳು ನನಗೆ ರಕ್ತಸಂಬಂಧಿಯಲ್ಲ. ಮೂವತ್ತು ವರ್ಷ ನನ್ನ ಪಕ್ಕದಲ್ಲಿ ಕೂತು ತಂಬಾಕು ಸಾಣಿಸಿದವಳು. ಆ ಧೂಳೆಲ್ಲ ಅವಳ ಎದೆಯಲ್ಲಿ ಕೂತಿತ್ತು. ಚಿಕ್ಕೋಡಿಯ ಡಾಕ್ಟರು ಎಕ್ಸರೇ ನೋಡಿ ಅವಳ ಮಗಳನ್ನು ಹೊರಗೆ ಕರೆದು ಮಾತಾಡಿದ್ದರು. ಮಾವಶಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಬರ್ತೀನಿ. ಆದ್ರ ನಂದೊಂದ ಚಲೋ ಫೋಟೋ ತಗದ ಕೊಡಬೇಕ. ಮಾರಿ ಕಾಣಬೇಕ, ನಗತಿರಬೇಕ. ನಮ್ಮ ಮನಿಯವ್ರು ಹೋದಾಗ ಆಧಾರ ಕಾರ್ಡಿನ ಫೋಟೋನ ದೊಡ್ಡದ ಮಾಡಿ ಹಾಕೇವಿ. ಪೊಲೀಸ್ರು ಹಿಡದ ಕಳ್ಳನ ಗತೆ ಕಾಣ್ತಾರ. ನನ್ನ ಹಂಗ ತೂಗಹಾಕಬ್ಯಾಡ್ರಿ."

"ಸಾಯೂ ಮಾತ ಈಗ್ಯಾಕ ತಗೀತಿ?" ಎಂದು ಗದರಿದೆ.

"ಮತ್ತೇನ, ಲಗ್ನದ ಫೋಟೋ ತಗಸ್ಲೇನ?"

ನಾನು ಹಾಳೆಯ ಮೇಲೆ ಬರೆದುಕೊಟ್ಟೆ: ದಿನಕ್ಕೆ ಎರಡು ಸಲ ಚಹಾ, ಹೆಂಗಸರಿಗೆ ಪಾಯಖಾನೆ, ಮಾವಶಿಯದೊಂದು ನಗುವ ಫೋಟೋ. ಫೋಟೋಗ್ರಾಫರ ನಿಂತಲ್ಲೇ ಸಹಿ ಹಾಕಿದ. ಇಷ್ಟು ವರ್ಷದ ಹೋರಾಟದಲ್ಲಿ ಎಲ್ಲ ಬೇಡಿಕೆಗೂ ಒಂದೇ ನಿಮಿಷದಲ್ಲಿ ಒಪ್ಪಿದ ಮಾಲಕ ಅವನೊಬ್ಬನೇ. ನನಗೆ ಆಗಲೇ ಸಂಶಯ ಬರಬೇಕಿತ್ತು.

೨. ಯಾರು ಹ್ವಾದ್ರು?

ಮೊದಲ ದಿನ ಮಾವಶಿ ಹಸಿರು ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ, ಮುಖಕ್ಕೆ ಪೌಡರು ಹಚ್ಚಿಕೊಂಡು ಬಂದಳು. ಮೇಡಂ ನೋಡಿ, "ಅಯ್ಯೋ, ಇಷ್ಟು ಚೆನ್ನಾಗಿ ಬರಬಾರದಿತ್ತು. ದಿನಾ ಉಡೋದನ್ನ ಉಟ್ಕೊಂಡು ಬನ್ನಿ ಅಮ್ಮ" ಎಂದು ಹಿಂದಕ್ಕೆ ಕಳಿಸಿದಳು. ಮಾವಶಿ ಮಾಸಿದ ಸೀರೆ ಉಟ್ಟು ಬಂದು ಚೀಲಗಳ ಹಿಂದೆ ನಿಂತಳು. ಪೌಡರು ಮಾತ್ರ ಒರೆಸಿಕೊಂಡಿರಲಿಲ್ಲ.

ಮುಂದೆ ಮಾಡೆಲ್ ಹುಡುಗಿ. "ನಗ್ಬೇಡ! ಎಲ್ಲಾ ಕಳ್ಕೊಂಡಿರೋ ಥರ ನೋಡು. ಇನ್ನೂ ಕಳ್ಕೋ, ಇನ್ನೂ!" ಎಂದು ಫೋಟೋಗ್ರಾಫರ ಕೂಗುತ್ತಿದ್ದ. ಮಾವಶಿ ಅರ್ಧ ತಾಸು ತಡೆದುಕೊಂಡಳು. ಆಮೇಲೆ ಚೀಲ ದಾಟಿ ಸೀದಾ ಮುಂದೆ ಬಂದು ಆ ಹುಡುಗಿಯ ಗದ್ದ ಹಿಡಿದಳು.

"ಯಾರು ಹ್ವಾದ್ರವಾ? ಹೇಳ ನನ್ನ ಮುಂದ."

"ಯಾರೂ ಇಲ್ಲಮ್ಮ."

"ಮತ್ತ ಊಟಾ ಮಾಡೀಯಿಲ್ಲೋ? ನಿಮ್ಮವ್ವ ಕೇಳಂಗಿಲ್ಲೇನ?"

ಅಷ್ಟೇ. ಹುಡುಗಿ ಮಾವಶಿಯ ಹೆಗಲ ಮೇಲೆ ಬಿದ್ದು ನಿಜವಾಗಿಯೂ ಅಳತೊಡಗಿದಳು. ಅಮ್ಮನ ಕೂಡ ಮಾತು ಬಿಟ್ಟು ಎರಡು ವರ್ಷವಾಗಿತ್ತಂತೆ. ಫೋಟೋಗ್ರಾಫರ ಕುಣಿಯುತ್ತ ಹತ್ತೆಂಟು ಫೋಟೋ ತೆಗೆದ. ಎಲ್ಲದರಲ್ಲೂ ಮಾವಶಿಯ ಬೆನ್ನು.

"ಅಮ್ಮ, ಸೂಪರ್! ಇನ್ನೊಂದ್ಸಲ ಅಳಿಸಿ!"

"ಅಳಸೂದು ಮಾಲಕರ ಕೆಲಸರಿ, ನಮಗ ಬರೂದಿಲ್ಲ" ಎಂದಳು ಮಾವಶಿ.

ಅವಳ ಫೋಟೋ ತೆಗೆಯಲು ಹೇಳಿದೆ. ಬೆಳಕು ಹೋಯಿತು, ನಾಳೆ ಎಂದ.

೩. ಹಳೇ ಸೀರೆ

ಎರಡನೇ ದಿನ ಕಾಗವಾಡದ ಹತ್ತಿರ ಒಂದು ಪಾಳುಬಿದ್ದ ವಾಡೆ, ಹಳೇ ದೊಡ್ಡವರ ಮನೆ. ಅಲ್ಲಿಗೆ ಮೇಡಂ ಒಂದು ವಿಶೇಷ ಸೀರೆ ತಂದಿದ್ದಳು. ಮೈತುಂಬ ಕಲೆ, ಸೆರಗು ಹರಿದಿತ್ತು. ಎಲ್ಲರೂ ಊಟಕ್ಕೆ ಹೋದಾಗ ಮಾವಶಿಯ ಕಣ್ಣಿಗೆ ಅದು ಬಿತ್ತು. "ಪಾಪ, ಎಷ್ಟ ಚಲೋ ಸೀರಿ, ಹೊಲಸ ಮಾಡ್ಯಾರ" ಎಂದು ಬಾವಿಕಟ್ಟೆಗೆ ಒಯ್ದು, ಪಕ್ಕದ ಮನೆಯ ಸಾಬೂನು ಇಸಕೊಂಡು, ಕಲ್ಲಿನ ಮೇಲೆ ಬಡಿದು ಬಡಿದು ಒಗೆದಳು. ಹರಿದ ಸೆರಗಿಗೆ ಸೂಜಿದಾರ ತಂದು ಕಾಣದ ಹಾಗೆ ಹೊಲಿಗೆ ಹಾಕಿದಳು. ನಾಲ್ಕು ಸಲ ಕೆಮ್ಮಿ ಕೂತಳು, ಎದ್ದಳು, ಒಣಹಾಕಿದಳು.

ಮೇಡಂ ಬಂದು ಹಗ್ಗದ ಮೇಲಿನ ಸೀರೆ ನೋಡಿ ಅಳುತ್ತ ನೆಲದ ಮೇಲೆ ಕೂತಳು. "ಮೂರು ತಿಂಗಳು ಮಣ್ಣಲ್ಲಿ ಹೂತಿಟ್ಟು ಹಳೇದು ಮಾಡಿದ್ದೆ! ಆ ಹರಿದಿದ್ದು ಡಿಸೈನು!"

ಮಾವಶಿಗೆ ಏನೂ ತಿಳಿಯಲಿಲ್ಲ. ಸೀರೆಯ ಒಡತಿಗೆ ಸಂತೋಷವಾಗಿ ಅಳು ಬಂದಿದೆ ಎಂದುಕೊಂಡು, "ಇರ್ಲಿ ಬಿಡವಾ, ಇದರಾಗ ಏನೈತಿ. ನಿನ್ನ ಲಂಗಾನೂ ಕೊಡ, ಒಗದ ಕೊಡ್ತೀನಿ" ಎಂದಳು.

ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. "ಮೂರ ತಿಂಗಳ ಯಾಕ್ರಿ ಮೇಡಂ? ವಖಾರದಾಗ ಒಂದ ವಾರ ಕೂಡ್ರಿ. ಸೀರಿನೂ ಹಳೇದಾಕ್ಕೈತಿ, ನೀವೂ ಹಳಬ್ರಾಗ್ತೀರಿ."

ಆ ದಿನ ಯಾರ ಫೋಟೋವೂ ಆಗಲಿಲ್ಲ.

೪. ಹೊಗೆ

ರಾಯಬಾಗ ತಾಲೂಕಿನ ಅಲಖನೂರಲ್ಲಿ ಕಬ್ಬಿನ ಹೊಲದ ಬದುವಿನ ಮೇಲೆ ಕೊನೆಯ ದಿನ. ಫೋಟೋಗ್ರಾಫರನಿಗೆ ಹೊಗೆ ಬೇಕಾಗಿತ್ತು. "ಹೊಗೆ ಇದ್ರೆ ಕನಸಿನ ಥರ ಕಾಣುತ್ತೆ." ಹೊಗೆ ಇದ್ದರೆ ಮಾವಶಿ ಉಸಿರಾಡಲಾರಳು ಎಂದೆ. ಅವಳನ್ನು ಹೊಗೆ ಬಾರದ ಕಡೆ ನಿಲ್ಲಿಸೋಣ, ಮೊದಲು ಇದು, ಮುಗಿದ ಕೂಡಲೇ ಅಮ್ಮನ ಫೋಟೋ, ಪ್ರಾಮಿಸ್ ಎಂದ. ಒಣಗಿದ ಕಬ್ಬಿನ ಸೋಗೆ ಸ್ವಲ್ಪ ಗುಡ್ಡೆ ಹಾಕಿ ಬೆಂಕಿ ಹಚ್ಚಿದರು.

ಕಬ್ಬಿನ ಸೀಮೆಯಲ್ಲಿ ಹೊಗೆ ಎದ್ದರೆ ಕನಸು ಅಂತ ಯಾರೂ ತಿಳಿಯುವುದಿಲ್ಲ. ಪಕ್ಕದ ಹೊಲದ ರೈತ ಬೆನ್ನಿಗೆ ಔಷಧ ಹೊಡೆಯುವ ಪಂಪು ಕಟ್ಟಿಕೊಂಡಿದ್ದವನು ಹಾಗೇ ಓಡಿ ಬಂದ. ಬಂದವನೇ ಬೆಂಕಿಗೆ ಹೊಡೆದ, ಮಾಡೆಲ್‌ಗೆ ಹೊಡೆದ, ಮೇಡಂಗೆ ಹೊಡೆದ, ಫೋಟೋಗ್ರಾಫರನ ಮುಖಕ್ಕೆ ಹೊಡೆದ, ಕ್ಯಾಮೆರಾಕ್ಕೂ ಹೊಡೆದ. ಎಲ್ಲರೂ ವಿಷ ವಿಷ ಎಂದು ಚೀರಿದರು.

"ಹೆದರಬ್ಯಾಡ್ರಿ," ಎಂದ ರೈತ, ಕೈಪಂಪು ಬಿಡದೆ. "ಔಷಧ ನಿನ್ನೆನ ತೀರೇತಿ. ಇದು ಬರೇ ಡಬ್ಬಿ ತೊಳದ ನೀರ."

ಮಾವಶಿ ನಕ್ಕಳು. ಮೂವತ್ತು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಬದುವಿನ ಮೇಲೆ ಕೂತು, ತೊಡೆ ಬಡಿದುಕೊಂಡು, ತಲೆ ಮೇಲೆತ್ತಿ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕಳು. ಅದೇ ನಗು. ಅದನ್ನೇ ಅವಳು ಕೇಳಿದ್ದು. "ತಗೀರಿ, ತಗೀರಿ!" ಎಂದು ಕೂಗಿದೆ. ಕ್ಯಾಮೆರಾ ಟವೆಲ್ಲಿನಲ್ಲಿ ಸುತ್ತಿಕೊಂಡು ಫೋಟೋಗ್ರಾಫರನ ಕಂಕುಳಲ್ಲಿತ್ತು. ನನ್ನ ಕೈಯಲ್ಲಿದ್ದದ್ದು ಬಟನ್ ಫೋನು. ನಗು ಕೆಮ್ಮಾಗಿ ತಿರುಗಿತು, ಕೆಮ್ಮು ನಿಲ್ಲಲಿಲ್ಲ.

ರೈತ ಗಾಬರಿಯಾಗಿ ಕೇಳಿದ: "ಈ ಆಯಿಗೆ ನಾ ಹೊಡದೇ ಇಲ್ಲಲ್ರಿ?"

೫. ಬುದ್ಧವಂದನೆಯ ದಿನ

ಮುಂದಿನ ತಿಂಗಳು ಬಂದು ಬರೀ ಅಮ್ಮನ ಫೋಟೋ ತೆಗೀತೀನಿ ಎಂದು ಫೋಟೋಗ್ರಾಫರ ಹೇಳಿ ಹೋಗಿದ್ದ. ಮಾವಶಿ ಅಷ್ಟು ದಿನ ಕಾಯಲಿಲ್ಲ.

ತೆಗೆದದ್ದನ್ನೆಲ್ಲ ಕಳಿಸು ಎಂದೆ. ಕಳಿಸಿದ. ನಾನೂ ಅವಳ ಮಗಳೂ ಕೂತು ನೋಡಿದೆವು. ಮುಂದಿನ ಹುಡುಗಿಯ ರೆಪ್ಪೆಯ ಕೂದಲು ಎಣಿಸಬಹುದಿತ್ತು. ಹಿಂದೆ ಮಾವಶಿ ಮಂಜಿನಂತೆ, ಮುಖವೇ ಇಲ್ಲ. ಇಲ್ಲವೇ ಬರೀ ಬೆನ್ನು.

ಫೋನ್ ಮಾಡಿ ಬೈದೆ. "ನೋಡಿ, ಹಿಂದಿರೋರು ಮಸುಕಾಗ್ಬೇಕು, ಆಗ್ಲೇ ಮುಂದಿರೋರು ಎದ್ದು ಕಾಣೋದು. ಅದು ಕಲೆ" ಎಂದ.

"ಅದು ಕಲೆ ಅಲ್ಲಪಾ," ಎಂದೆ. "ಅದು ನಮ್ಮ ವಖಾರದ ಕಾಯ್ದೆ."

ಸುಳ್ಳು ಯಾಕೆ ಹೇಳಲಿ, ಆಮೇಲೆ ಅವನೇ ಬಂದ. ದೊಡ್ಡ ಫ್ರೇಮು ತಂದಿದ್ದ. ಮಾವಶಿಯದು ಸ್ಪಷ್ಟವಾಗಿ ಬಂದ ಫೋಟೋ ಒಂದೇ ಇತ್ತು. ಯಾವಾಗಲೋ ದೀಪ ಸರಿಮಾಡುವಾಗ ತೆಗೆದು, ಕೆಲಸಕ್ಕೆ ಬಾರದ್ದೆಂದು ನಮಗೆ ಕಳಿಸದೆ ಬಿಟ್ಟದ್ದು. ಅದರಲ್ಲಿ ಅವಳ ಎರಡು ಕೈ ಮಾತ್ರ ಇದ್ದವು, ಮಡಿಲಲ್ಲಿ ಅಂಗಾತ ಇಟ್ಟುಕೊಂಡ ಕೈ.

ಮಾವಶಿಯ ಮನೆಯವರು ಬೌದ್ಧರು. ಹೋದವರ ಫೋಟೋವನ್ನು ಕುರ್ಚಿಯ ಮೇಲೆ ಇಟ್ಟು, ವಂದನೆ ಹೇಳಿ, ಬಂದವರೆಲ್ಲ ಹೂ ಹಾಕುತ್ತಾರೆ. ಮಗಳ ಮುಂದೆ ಆಧಾರ ಕಾರ್ಡೂ ಇತ್ತು, ಕೈಗಳ ಫ್ರೇಮೂ ಇತ್ತು. ಅವಳು ಕೈಗಳನ್ನೇ ಕುರ್ಚಿಯ ಮೇಲೆ ಇಟ್ಟಳು.

ದೂರದ ನೆಂಟರು ಗುಸುಗುಸು ಮಾಡಿದರು: "ಮಾರಿ ಎಲ್ಲೈತಿ? ಯಾರಂತ ತಿಳಕೊಳ್ಳೂದು?" ವಖಾರದ ಹೆಂಗಸರು ಬಂದರು. ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಬಾಗಿಲಲ್ಲೇ ನಿಂತು, "ಅಯ್ಯ ನಮ್ಮ ಮಾವಶಿ" ಎಂದು ಅತ್ತರು. ನಾನೂ ಅತ್ತೆ. ಫೋಟೋಗ್ರಾಫರ ಗೋಡೆಗೆ ಮುಖ ಮಾಡಿ ನಿಂತಿದ್ದ.

ಅಷ್ಟರಲ್ಲಿ ನಮ್ಮ ವಖಾರದ ಹಳೆಯ ಮುಕಾದಮ ಬಂದ. ಕೆಲಸ ಮಾಡಿಸುವ ಮೇಸ್ತ್ರಿಯಾಗಿದ್ದವನು, ಈಗ ಕೋಲು ಹಿಡಿದು ನಡೆಯುತ್ತಾನೆ. ಹಿಂದೊಮ್ಮೆ ಅವನು ಹೊಸದಾಗಿ ಬಂದ ಹುಡುಗಿಯೊಬ್ಬಳ ರಟ್ಟೆ ಹಿಡಿದಾಗ, ಮಾವಶಿ ಜರಡಿ ಕೆಳಗಿಟ್ಟು ಎದ್ದು ಹೋಗಿ, ಇನ್ನೂರು ಹೆಂಗಸರ ಎದುರು ಅವನ ಕೆನ್ನೆಗೆ ಬಾರಿಸಿದ್ದಳು.

ಮುಕಾದಮ ಹೂ ತೆಗೆದುಕೊಂಡ. ಬಗ್ಗಿ ಫೋಟೋದ ಮುಂದೆ ಇಟ್ಟ. ತಲೆ ಎತ್ತಿ ಆ ಕೈಗಳನ್ನು ಸರಿಯಾಗಿ ನೋಡಿದ. ಅವನಿಗೇ ಗೊತ್ತಿಲ್ಲದೆ ಅವನ ಕೈ ಮೆಲ್ಲಗೆ ಮೇಲೆ ಹೋಗಿ ಎಡಗೆನ್ನೆ ಮುಚ್ಚಿಕೊಂಡಿತು.

ಮೊದಲು ನಕ್ಕವಳು ಮಾವಶಿಯ ಮಗಳು. ಆಮೇಲೆ ತಡೆಯಲು ಯಾರಿಂದಲೂ ಆಗಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತಿದ್ದವರು ಅದೇ ಸೆರಗನ್ನು ಬಾಯಿಗೆ ತುರುಕಿಕೊಂಡರು. ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಕೂಗಿ ಹೇಳಿದಳು:

"ಮುಕಾದಮ್ರ, ಇನ್ನೊಂದ ಕೆನ್ನಿನೂ ಮುಚ್ಚಿಕೊಳ್ರಿ! ಫೋಟೋದಾಗ ಎರಡೂ ಕೈ ಅದಾವ!"