ದನದ ದಳ್ಳಾಳಿ ಕೊಟ್ಟ ಫುಟ್‌ಬಾಲ್ ತೀರ್ಪು

ಯುರೋಪಿನ ದೊಡ್ಡ ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳು ಜನವರಿಯಲ್ಲಿ ಆಟಗಾರರನ್ನು ಕೊಳ್ಳುವ ಮೊದಲು ಹುಣಸೂರಿಗೆ ಬಂದು, ನಮ್ಮ ಮನೆಯ ಜಗಲಿ ಹತ್ತಿ, ಒಂದು ಲೋಟ ಕಾಫಿ ಕುಡಿದು ವಿಚಾರಿಸಿಕೊಂಡು ಹೋಗಿದ್ದರೆ ಅವಕ್ಕೆ ಈ ಗತಿ ಬರುತ್ತಿರಲಿಲ್ಲ! ಇದು ನನ್ನ ಅಭಿಪ್ರಾಯವಲ್ಲ. ಫುಟ್‌ಬಾಲಿನಲ್ಲಿ ನನಗೆ ಗೊತ್ತಿರುವುದು ಚೆಂಡು ದುಂಡಗಿರುತ್ತದೆ ಎಂಬುದಷ್ಟೆ. ಇದು ನನ್ನ ಭಾವಮೈದನ, ಅಂದರೆ ನನ್ನ ಹೆಂಡತಿಯ ತಮ್ಮನ, ಅಭಿಪ್ರಾಯ. ಅವನೂ ಜೀವಮಾನದಲ್ಲಿ ಚೆಂಡು ಒದ್ದವನಲ್ಲ. ಒಂದು ಸಲ ಒಂದು ಹೋರಿ ಅವನನ್ನು ಒದ್ದಿದೆ. ಒದೆಯುವ ವಿದ್ಯೆಯೊಂದಿಗೆ ಅವನ ನಂಟು ಅಷ್ಟೇ.

ಅವನು ಕೆ.ಆರ್. ನಗರದ ಕಡೆ ದನದ ದಳ್ಳಾಳಿಯಾಗಿದ್ದ. ಎತ್ತು ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸಿ ವ್ಯಾಪಾರ ಕುದುರಿಸುವ ಕೆಲಸ. ಹಳ್ಳಿಗೆ ಎರಡಾದರೂ ಟ್ರ್ಯಾಕ್ಟರ್ ಬಂದಮೇಲೆ ಆ ಕಸುಬು ತಾನಾಗಿ ನಿಂತುಹೋಯಿತು. ಎರಡೂವರೆ ವರ್ಷದ ಹಿಂದೆ ಅವನ ಹೆಂಡತಿ ತೀರಿಕೊಂಡಳು. ಹೋದ ದಸರಾಕ್ಕೆ ಎರಡು ದಿನ ಇದ್ದು ಹೋಗುತ್ತೇನೆಂದು ಒಂದು ಕೈಚೀಲ ಹಿಡಿದು ನಮ್ಮ ಮನೆಗೆ ಬಂದ. ದಸರಾ ಮುಗಿಯಿತು, ದೀಪಾವಳಿ ಮುಗಿಯಿತು, ಸಂಕ್ರಾಂತಿಯ ಎಳ್ಳೂ ಬೀರಿ ಆಯಿತು. ಆ ಕೈಚೀಲ ಮಾತ್ರ ಗೂಟ ಬಿಟ್ಟು ಇಳಿಯಲಿಲ್ಲ.

ನಾನು ಮೂವತ್ತನಾಲ್ಕು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಪಿರಿಯಾಪಟ್ಟಣದ ಬಸ್ಸು ಮೂರು ನಿಮಿಷ ತಡವಾಗಿ ಹೊರಟರೆ ನನಗೆ ಆ ದಿನ ಊಟ ಸೇರುತ್ತಿರಲಿಲ್ಲ. ನಿವೃತ್ತನಾದ ಮೇಲೂ ನಮ್ಮ ಮನೆಯಲ್ಲಿ ಏಳುವುದಕ್ಕೆ, ಕಾಫಿಗೆ, ಸ್ನಾನಕ್ಕೆ, ತಿಂಡಿಗೆ, ಪತ್ರಿಕೆಗೆ ಹೊತ್ತು ಗೊತ್ತು. ಇಂಥ ಮನೆಯಲ್ಲಿ ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಮೊಬೈಲಿನಲ್ಲಿ ಯಾರದೋ ಮಂಡಿಯನ್ನು ದೊಡ್ಡದು ಮಾಡಿ ನೋಡುತ್ತ ಅರ್ಧ ಗಂಟೆ ಕೂರುವ ಮನುಷ್ಯ ಸೇರಿಕೊಂಡರೆ ಹೇಗಾಗಬೇಡ?

ಅವನ ಮಗಳನ್ನು ಎಚ್.ಡಿ. ಕೋಟೆಯ ಹತ್ತಿರ ಹ್ಯಾಂಡ್‌ಪೋಸ್ಟಿಗೆ ಕೊಟ್ಟಿದೆ. ಗಂಡ ಹೆಂಡತಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಅಪ್ಪನಿಗೆಂದು ಹಿಂದುಗಡೆ ಒಂದು ಕೋಣೆ ಕಟ್ಟಿಸಿ, ಜನವರಿ ಕಡೆಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅವಳು ಹೇಳಿ ಕಳಿಸಿದಳು. ನನ್ನ ಹೆಂಡತಿಗೆ ತಮ್ಮ ಇಲ್ಲೇ ಇರಲಿ ಎಂದು ಆಸೆ. ಆದರೆ ಬಾಯಿಬಿಟ್ಟು ಹೇಳಲಿಲ್ಲ. "ಮನೆ ನಿಮ್ದು, ಟೈಮೂ ನಿಮ್ದು. ನೀವೇ ತೀರ್ಮಾನ ಮಾಡಿ" ಎಂದು ನನ್ನ ತಲೆಗೆ ಕಟ್ಟಿದಳು. ಅಲ್ಲಿಗೆ ಯುರೋಪಿನ ಕ್ಲಬ್ಬುಗಳಿಗೂ ನನಗೂ ಒಂದೇ ಗಡುವಾಯಿತು: ಜನವರಿ ಮುಗಿಯುವುದರೊಳಗೆ ಇವನು ಇಲ್ಲಿಯೋ ಅಲ್ಲಿಯೋ ಹೇಳಬೇಕು.

ದನದ ದಳ್ಳಾಳಿಗೆ ಫುಟ್‌ಬಾಲ್ ಹೇಗೆ ಗಂಟುಬಿತ್ತು ಎನ್ನುತ್ತೀರಾ? ಅವನು ಮೊಬೈಲಿನಲ್ಲಿ ದನದ ಜಾತ್ರೆಯ ವಿಡಿಯೋ ನೋಡುತ್ತಿದ್ದನಂತೆ. ಒಂದು ಮುಗಿದು ಇನ್ನೊಂದು ತಾನಾಗಿ ಬಂತಂತೆ. ಅದರಲ್ಲಿ ಎತ್ತಿನ ಬದಲು ಒಬ್ಬ ಎತ್ತರದ ಬಿಳಿಯ. ಡಾಕ್ಟರು ಅವನ ಮಂಡಿ ಮಡಿಸಿ ನೋಡಿದರು, ನಡೆಸಿ ನೋಡಿದರು, ಓಡಿಸಿ ನೋಡಿದರು, ಆಮೇಲೆ ಹೊಸ ಅಂಗಿ ತೊಡಿಸಿ ಫೋಟೋ ತೆಗೆದರು. ಇವನು ಎದ್ದು ಕೂತನಂತೆ. "ಬಾವ, ಇದು ನಮ್ದೇ ಕಸುಬು ಕಣ್ ಬಾವ. ಹಲ್ಲೊಂದ್ ಎಣಿಸ್ನಿಲ್ಲ, ಅಷ್ಟೇಯ" ಎಂದು ನನಗೆ ಬಂದು ವರದಿ ಮಾಡಿದ.

ಆಟಗಾರನನ್ನು ಒಂದು ಕ್ಲಬ್ಬು ಇನ್ನೊಂದಕ್ಕೆ ಮಾರುವ ಇದಕ್ಕೆ ಜನವರಿ ವರ್ಗಾವಣೆ ಎಂದು ಹೆಸರಂತೆ. ನನಗೆ ಒಂದೂ ತಿಳಿಯಲಿಲ್ಲ. ವರ್ಗಾವಣೆ ಅಂದರೆ ನನಗೆ ಗೊತ್ತಿರುವುದು ಬೇಸಿಗೆಯದು. ಅರ್ಜಿ ಹಾಕಬೇಕು, ದೊಡ್ಡವರ ಕಾಗದ ತರಬೇಕು, ಮಕ್ಕಳ ಶಾಲೆ ಶುರುವಾಗುವ ಮೊದಲು ಮನೆ ಹುಡುಕಬೇಕು. ಚಳಿಗಾಲದ ನಡುಮಧ್ಯೆ, ಅರ್ಧ ಪಂದ್ಯಗಳು ಆಡಿ ಮುಗಿದ ಮೇಲೆ, ಯಾರಾದರೂ ಆಳು ಬದಲಾಯಿಸುತ್ತಾರೆಯೇ? ಅರ್ಧ ದಾರಿಯಲ್ಲಿ ಡ್ರೈವರನ್ನು ಇಳಿಸಿದ ಹಾಗಾಗಲಿಲ್ಲವೇ? ಇದನ್ನು ಅವನ ಮುಂದಿಟ್ಟೆ. ಉಳುಮೆ ನಡುವೆ ಎತ್ತು ಕುಂಟಿದರೆ ಹೊಲ ಹಾಗೇ ಬಿಡುತ್ತಾರಾ ಎಂದು ಅವನು ತಿರುಗಿ ಕೇಳಿದ.

ಕ್ಲಬ್ಬುಗಳ ಹೆಸರು ಅವನ ನಾಲಿಗೆಗೆ ಹೊರಳವು. ಅಂಗಿಯ ಬಣ್ಣದ ಮೇಲೆ ಗುರುತು. ಕೆಂಪಂಗಿಯವರು, ನೀಲಿಯಂಗಿಯವರು, ಬಿಳಿಯಂಗಿಯವರು, ಪಟ್ಟೆಯವರು. ಇಷ್ಟಾದರೆ ನಾನೂ ಹೇಗೋ ಹಿಡಿದುಕೊಳ್ಳುತ್ತಿದ್ದೆ. ಆದರೆ ಕೆಂಪಂಗಿಯವರಲ್ಲೇ ಮೂರು ಪಂಗಡ! ಒಂದು ಬೆಳಿಗ್ಗೆ ಕೆಂಪಂಗಿಯವರು ಕೆಟ್ಟರು ಎನ್ನುತ್ತಾನೆ, ಸಂಜೆ ಕೆಂಪಂಗಿಯವರು ಗೆದ್ದರು ಎನ್ನುತ್ತಾನೆ. ಎರಡೂ ಸತ್ಯವಂತೆ. ಅದರ ಮೇಲೆ ಪರಊರಿಗೆ ಹೋದಾಗ ಅದೇ ಕೆಂಪಂಗಿಯವರು ಬಿಳಿಯಂಗಿ ಹಾಕುತ್ತಾರಂತೆ. ನನ್ನ ಕೈಕೆಳಗಿನ ಕಂಡಕ್ಟರು ಹೀಗೆ ಮಾಡಿದ್ದರೆ ಮೆಮೋ ಕೊಡುತ್ತಿದ್ದೆ.

ತೀರ್ಪು ಕೊಡುವ ಕ್ರಮ ಮಾತ್ರ ಶುದ್ಧ ಜಾತ್ರೆಯದು. ಮೊದಲು ಮಂಡಿ. ಆಮೇಲೆ ನಡಿಗೆ. ಆಮೇಲೆ ಯಾವ ಕಡೆ ಪಳಗಿದ್ದು ಎನ್ನುವುದು. ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಕಟ್ಟಿದರೆ ನೇಗಿಲು ಸಾಲು ತಪ್ಪುತ್ತದಂತೆ. ಪಟ್ಟೆಯವರು ಎಡಗಡೆ ಓಡುವವನೊಬ್ಬನನ್ನು ತಂದು ಬಲಗಡೆ ನಿಲ್ಲಿಸಿದ್ದನ್ನು ನೋಡಿ ಅವನಿಗೆ ಎರಡು ದಿನ ಸಂಕಟ. ಬೆಟ್ಟದಪುರದಲ್ಲಿ ಮದುವೆಯೂಟಕ್ಕೆ ಕೂತಾಗಲೂ ಪಕ್ಕದವರಿಗೆ ಅದನ್ನೇ ಹೇಳಿದ. ಅವರು ಯಾವುದೋ ಮನೆಯ ಎತ್ತಿನ ಮಾತೆಂದು ತಿಳಿದು, "ಕೊಂಡೋರಿಗೆ ಬುದ್ಧಿ ಬ್ಯಾಡ್ವಾ" ಎಂದು ಮರುಗಿ ಹೋಳಿಗೆ ಮುರಿದರು.

ನಮ್ಮ ಬೀದಿಯ ಬೇಕರಿಯವರು ಕೇರಳದವರು. ನಿಜವಾಗಿ ಫುಟ್‌ಬಾಲ್ ಬಲ್ಲವರು. ನೀಲಿಯಂಗಿಯವರು ಕೊಂಡ ಹೊಸ ಆಟಗಾರನಿಗೆ ಅವರು ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು. ಇವನು ಒಂದು ನಿಮಿಷ ಆ ವಿಡಿಯೋ ನೋಡಿದ. "ಚೆಂದಾಗದೆ. ಆದ್ರೆ ಹಿಂದಿನ ಎಡಗಾಲು ಕದೀತದೆ, ಪೂರ್ತಿ ಊರಾಕಿಲ್ಲ. ತಿಂಗ್ಳೊಳಗೆ ಮನಿಕ್ಕತ್ತದೆ" ಎಂದ. ಮನುಷ್ಯನಿಗೆ ಹಿಂದಿನ ಕಾಲು ಯಾವುದು, ಮುಂದಿನದು ಯಾವುದು ಎಂದು ಬೇಕರಿಯವರು ಕೇಳಿ ಹೊಟ್ಟೆ ಹಿಡಿದು ನಕ್ಕರು. ಹತ್ತೇ ದಿನ! ಆ ಆಟಗಾರ ಎಡಗಾಲು ಹಿಡಿದುಕೊಂಡು ಸ್ಟ್ರೆಚರಿನ ಮೇಲೆ ಮಲಗಿ ಹೊರಗೆ ಹೋದ. ಅವತ್ತಿನಿಂದ ಬೇಕರಿಯವರು ಇವನಿಗೆ ಕುರ್ಚಿ ಹಾಕಿಸಿ, ರಸ್ಕು ಕೊಟ್ಟು ಅಭಿಪ್ರಾಯ ಕೇಳತೊಡಗಿದರು. ಮೂವತ್ತನಾಲ್ಕು ವರ್ಷ ಈ ಊರಿನ ಬಸ್ಸುಗಳನ್ನೆಲ್ಲ ಹೊರಡಿಸಿದ ನನಗೆ ಈಗ ಬೇಕರಿಯಲ್ಲಿ ಸಿಗುವ ಪರಿಚಯ ಏನು ಗೊತ್ತೇ? "ಇವರು ನಮ್ಮ ಫುಟ್‌ಬಾಲ್ ಯಜಮಾನರ ಭಾವ."

ಇನ್ನೊಂದು ದಿನ, ಕ್ಲಬ್ಬಿನವರು ಗುಟ್ಟಾಗಿ ಬೆಲೆ ಹೇಗೆ ಕಟ್ಟುತ್ತಾರೆ ಎಂದು ನಾನು ಸುಮ್ಮನಿರಲಾರದೆ ಕೇಳಿದೆ. ತೋರಿಸುತ್ತೇನೆಂದು ಹೆಗಲ ಮೇಲಿನ ಟವೆಲನ್ನು ನಮ್ಮಿಬ್ಬರ ಕೈ ಮೇಲೆ ಹಾಕಿದ. ದನದ ವ್ಯಾಪಾರ ನಡೆಯುವುದೇ ಹಾಗೆ. ಬಾಯಲ್ಲಿ ಬೆಲೆ ಹೇಳುವಂತಿಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದೇ ಹೇಳಬೇಕು. ಅವನು ನನ್ನ ನಾಲ್ಕು ಬೆರಳು ಹಿಡಿದ, ಒಂದು ಬಿಟ್ಟ, ಮತ್ತೆ ಎರಡು ಹಿಡಿದ. ನನಗೆ ಗಲಿಬಿಲಿ. ಏನೂ ತೋಚದೆ ಅವನ ಕೈಯನ್ನು ಗಟ್ಟಿಯಾಗಿ ಅದುಮಿದೆ. "ಮುಗೀತು ಬುಡಿ ಬಾವ, ಕೊಂಡ್ಕಂಡ್ರಿ" ಎಂದ. ಕೈ ಅದುಮಿದರೆ ಒಪ್ಪಿದ ಹಾಗಂತೆ! ಬಿಳಿಯಂಗಿಯವರ ಗೋಲು ಕಾಯುವವನೊಬ್ಬನನ್ನು, ವಯಸ್ಸು ಮೂವತ್ತೇಳು, ಮಂಡಿ ಎರಡೂ ನೋವು, ನಾನು ಕೊಂಡಿದ್ದೆ. ಅದೇ ಹೊತ್ತಿಗೆ ಮೊಸರು ಕೇಳಲು ಬಂದ ಎದುರುಮನೆಯಾಕೆ, ಜಗಲಿಯ ಮೇಲೆ ಟವೆಲಿನ ಕೆಳಗೆ ಕೈ ಕೈ ಹಿಡಿದು ಕೂತ ಇಬ್ಬರು ಮುದುಕರನ್ನು ನೋಡಿ, ಮೊಸರು ಕೇಳದೆಯೇ ವಾಪಸು ಹೋದಳು.

ತಿಂಗಳ ಕೊನೆಗೆ ಬೇಕರಿಯವರು ಅಂತಿಮ ತೀರ್ಪು ಕೇಳಿದರು: ಯಾವ ಕ್ಲಬ್ಬು ಮೊದಲು, ಯಾವುದು ಕೊನೆ? ನಾನೂ ಪಕ್ಕದಲ್ಲಿದ್ದೆ. ಹೆಸರಾಂತ ಕೆಂಪಂಗಿಯವರು ನಾಲ್ಕು ಜನ ಒಳ್ಳೆಯವರನ್ನು ತಂದಿದ್ದರು. ಇವನು ಅವರನ್ನು ಫೇಲು ಮಾಡಿದ. ಯಾರೂ ಕೇಳದ ಹಸಿರಂಗಿಯ ಒಂದು ಸಣ್ಣ ಕ್ಲಬ್ಬು ಒಬ್ಬರನ್ನೂ ಕೊಳ್ಳದೆ ಒಬ್ಬನನ್ನು ಮಾರಿತ್ತು. ಅದು ಮೊದಲ ದರ್ಜೆ! ಬೇಕರಿಯವರು ತಲೆ ತುರಿಸಿಕೊಂಡರು. ನಾನಂತೂ ತಿಂಗಳಿಡೀ ತುರಿಸಿಕೊಂಡೇ ಇದ್ದೆ. ಕಾರಣ ಕೇಳಿದರೆ, ಹಸಿರಂಗಿಯವರು ಆ ಹುಡುಗನಿಗೆ ಮೂರು ಊರಿನ ಹೆಸರು ಹೇಳಿ, ಎಲ್ಲಿಗೆ ಹೋಗುತ್ತೀಯೆಂದು ಅವನನ್ನೇ ಕೇಳಿದರಂತೆ. ಬೇಕರಿಯವರೇ ಓದಿ ಹೇಳಿದ ಸುದ್ದಿ ಅದು, ಅವರಿಗೇ ಮರೆತಿತ್ತು.

ಆಮೇಲೆ ಗೊತ್ತಾಯಿತು, ಇವನು ದಳ್ಳಾಳಿಯಾಗಿದ್ದಾಗಲೂ ಹೀಗೆಯೇ. ಬೆಲೆ ಕುದುರಿದ ಮೇಲೆ ಎತ್ತನ್ನು ಕೊಂಡವರ ಕೈಗೆ ಕೊಟ್ಟು ಹತ್ತು ಹೆಜ್ಜೆ ನಡೆಸುತ್ತಿದ್ದನಂತೆ. ಅದು ಕಾಲೂರಿ ನಿಂತು ತಿರುಗಿ ನೋಡಿದರೆ ವ್ಯಾಪಾರ ರದ್ದು. ಹೀಗಾದರೆ ದಳ್ಳಾಳಿ ಬದುಕುವುದು ಹೇಗೆ ಎಂದು ನಾನು ಹೆಂಡತಿಯನ್ನು ಕೇಳಿದೆ. "ಅವ್ನೆಲ್ಲಿ ಬದುಕ್ದ? ನಮ್ಮಪ್ಪ ಅಲ್ವಾ ಅಕ್ಕಿ ಕಳಿಸ್ತಿದ್ದಿದ್ದು" ಎಂದಳು.

ಶನಿವಾರ ಹತ್ತು ಗಂಟೆಗೆ ಅವನ ಮಗಳು ಕಾರಿನಲ್ಲಿ ಬಂದಳು. ನಾನು ತಯಾರಾಗಿದ್ದೆ. ಒಂದು ಹಾಳೆಯಲ್ಲಿ ಗೆರೆ ಎಳೆದು ವೇಳಾಪಟ್ಟಿ ಬರೆದಿದ್ದೆ: ಮಳೆಗಾಲದ ನಾಲ್ಕು ತಿಂಗಳು ಹುಣಸೂರು, ಮಿಕ್ಕಿದ್ದು ಹ್ಯಾಂಡ್‌ಪೋಸ್ಟ್, ಹಬ್ಬಗಳು ಸರದಿಯ ಮೇಲೆ. ಗಟ್ಟಿಯಾಗಿ ಓದಿದೆ. ನಾಲ್ಕು ತಿಂಗಳು ಯಾಕೆ, ಮೂರು ಸಾಕು ಎಂದು ಮಗಳು. ಗೌರಿ ಹಬ್ಬ ನಮ್ಮಲ್ಲೇ ಎಂದು ಹೆಂಡತಿ. ಮಾತು ಬೆಳೆಯಿತು. ಅಷ್ಟರಲ್ಲಿ ಕೈಚೀಲವೂ ಗೂಟದಿಂದ ಇಳಿದು ಕಾರು ಸೇರಿತ್ತು. ಅವನು ಗೋಡೆಗೊರಗಿ ಕೂತು ಮೊಬೈಲು ನೋಡುತ್ತಿದ್ದ. ಅವತ್ತು ಯಾರ ಮಂಡಿಯನ್ನೂ ದೊಡ್ಡದು ಮಾಡಿರಲಿಲ್ಲ. ಪರದೆ ಕಪ್ಪಗಿತ್ತು.

ಏನನ್ನಿಸಿತೋ, ನಾನು ಹಾಳೆ ಮಡಿಸಿ ಅವನನ್ನೇ ಕೇಳಿದೆ. "ನಿನಗೆ ಎಲ್ಲಿರಬೇಕು ಅನ್ನಿಸುತ್ತೋ?"

ಅವನು ಕಕ್ಕಾಬಿಕ್ಕಿಯಾಗಿ ಮೂವರ ಮುಖವನ್ನೂ ನೋಡಿದ. ತಿಂಗಳಿಡೀ ತಬ್ಬಿಬ್ಬಾಗಿದ್ದವನು ನಾನು, ಈಗ ಅವನ ಸರದಿ. ಆಮೇಲೆ ಮೊಬೈಲನ್ನು ಕೆಳಗಿಟ್ಟು, ಮಗಳ ಕಡೆ ನೋಡದೆ ಹೇಳಿದ.

"ಮಗಳ ಮನೇಲಿ ಯಾವ್ದಕ್ಕೂ ಕಮ್ಮಿ ಇಲ್ಲ ಬಾವ. ಹೊತ್ತು ಏರ್ದಂಗೂ ಮನಿಕ್ಕೋ ಅಪ್ಪ ಅಂತಾಳೆ, ಒಳ್ಳೇದ್ಕೇಯ. ಅವ್ಳವ್ವ ಹೋದ್ಮೇಲೆ ನಮ್ಮನೇಲಿ ಒಬ್ನೇ ಎರಡ್ ವರ್ಷ ಅಂಗೇ ಮನಿಕ್ಕಂಡಿದ್ದೆ. ಎದ್ನಾ, ಸತ್ನಾ, ಯಾರೂ ನೋಡೋರಿಲ್ಲ. ಇಲ್ಲಿ ನೀವು ಆರೂವರೆ ಆಯ್ತು ಅಂದ್ರೆ ಬಾಗ್ಲು ಬಡಿತೀರಿ. ಏಳೋಗಂಟ ಬುಡಲ್ಲ. ಅದೇ ಇರ್ಲಿ ಬಾವ ನಂಗೆ."

ನನ್ನ ಜೀವಮಾನದಲ್ಲಿ ಬಸ್ಸು ತಡವಾದರೆ ಯಾರಿಗೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಈಗ ಮಡಿಸಿದ್ದ ಹಾಳೆಯನ್ನೇ ಇನ್ನೊಂದು ಮಡಿಕೆ ಮಡಿಸಿದೆ. ಹೆಂಡತಿ ಒಲೆಯ ಮೇಲೆ ಏನೋ ಇದೆಯೆಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ಹೋಗಿ, ಕಾರಿನಲ್ಲಿದ್ದ ಕೈಚೀಲವನ್ನು ತಾನೇ ತಂದು ಅಪ್ಪನ ಪಕ್ಕದಲ್ಲಿ ಇಟ್ಟಳು. ವಾರಕ್ಕೊಮ್ಮೆ ಬಂದು ನೋಡುತ್ತೇನೆ ಎಂದಳು. ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಒಂದು ಮಾತು ಕೇಳಿಕೊಂಡಳು: "ಮಾವ, ಭಾನುವಾರ ಒಂದಿನ ಆದ್ರೂ ಅಪ್ಪನ್ನ ಸ್ವಲ್ಪ ತಡವಾಗಿ ಎಬ್ಬಿಸಿ."

ಅದೊಂದಕ್ಕೆ ಮಾತ್ರ ನಾನು ಒಪ್ಪಲಿಲ್ಲ.