ಅತ್ತೆಯ ವಿಮಾನ, ಅಳಿಯನ ತೋಳು

"ರೀ, ವಿಮಾನ ನಿಲ್ದಾಣಕ್ಕೆ ಒಂದು ಫೋನ್ ಮಾಡಿ ಕೇಳಬಾರ್ದಾ?"

"ಫೋನಾ? ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತೆ ಅಂತ ನಾನು ಕಂಡೋರನ್ನ ಕೇಳ್ಬೇಕಾ? ಇಪ್ಪತ್ತು ವರ್ಷ ಭೂಗೋಳ ಪಾಠ ಮಾಡಿದೋನು ಕಣೇ! ಈಗಲೇ ಅಳೆದು ಬಿಸಾಕ್ತೀನಿ ನೋಡು!"

ಮೇಷ್ಟ್ರು ಹೀಗೆ ಗುಡುಗಿದಾಗ ಮಡದಿ ಹಣೆ ಚಚ್ಚಿಕೊಂಡಳು. ಮದುವೆಯಾದ ಮೇಲೆ ಮೊದಲ ಸಲ ಅವಳ ತಾಯಿ ಭೂಮಿಯ ಆ ತುದಿಯಿಂದ ಮಗಳ ಮನೆಗೆ ಬರುತ್ತಿದ್ದರು. ವಿಮಾನ ಹತ್ತುವಾಗ ಫೋನ್ ಮಾಡಿದ್ದರು ನಿಜ, ಆದರೆ ಇಳಿಯುವುದು ಯಾವಾಗ ಎಂದು ಹೇಳುವಷ್ಟರಲ್ಲಿ ಲೈನು ಕಟ್ಟಾಗಿತ್ತು. ಕರೆತರಲು ಅಳಿಯನೇ ಹೋಗಬೇಕು, ಅತ್ತೆ ಕೈಯಾರೆ ಹೆಣೆದು ಕಳಿಸಿದ್ದ ನೀಲಿ ಸ್ವೆಟರ್ ಅವನ ಮೈಮೇಲಿರಬೇಕು, ಇದು ಮಡದಿಯ ಕಟ್ಟಪ್ಪಣೆ. ಪಾಪ, ಮೇಷ್ಟ್ರು ಬೆಳಿಗ್ಗೆಯೇ ತೊಟ್ಟು ಸಿದ್ಧವಾಗಿದ್ದರು.

ಶಾಲೆಯಿಂದ ತಂದ ಗೋಳ ಮೇಜಿನ ಮೇಲೆ ವಿರಾಜಮಾನವಾಯಿತು. ಅಳೆಯಲು ದಾರ ಬೇಕಲ್ಲ? ಸ್ವೆಟರಿನ ಎಡತೋಳಿನ ತುದಿಯಲ್ಲಿ ಒಂದು ಎಳೆ ಇಣುಕುತ್ತಿತ್ತು. ಎಳೆದರು. ಬಂತು! ಆ ಊರಿನಿಂದ ಈ ಊರಿಗೆ ಸಡಿಲವಾಗಿ ಹಾಸಿದರು. ವಿಮಾನ ಉತ್ತರಕ್ಕೆ ಬಳಸಿ ಬಂದರೆ? ಇನ್ನಷ್ಟು ಎಳೆದರು. ದಕ್ಷಿಣಕ್ಕೆ ಬಳಸಿದರೆ? ಮತ್ತೂ ಎಳೆದರು. ಸಪ್ತಸಾಗರಗಳನ್ನು ದಾಟುವ ಭರದಲ್ಲಿ ಮೊಣಕೈಗೆ ಗಾಳಿ ತಾಗಿದ್ದೂ ಅವರಿಗೆ ತಿಳಿಯಲಿಲ್ಲ. ಕೊನೆಗೆ ಉಣ್ಣೆಯನ್ನು ಸ್ಕೇಲಿನ ಮೇಲೆ ಜಗ್ಗಿ ಹಿಡಿದರು. ಉಣ್ಣೆಯಲ್ಲವೇ, ಜಗ್ಗಿದಷ್ಟೂ ಬೆಳೆಯಿತು. ಅದರ ಜೊತೆಗೆ ದೂರವೂ ಬೆಳೆಯಿತು, ಹಾರುವ ಹೊತ್ತೂ ಬೆಳೆಯಿತು!

"ಕೇಳಿಸ್ಕೋ! ನಿಮ್ಮಮ್ಮ ಇಳಿಯೋದು ನಾಳೆ ಬೆಳಿಗ್ಗೆ!"

ಅಡುಗೆಮನೆಯಿಂದ ಹೊರಗೆ ಬಂದ ಮಡದಿ ಕಿಟಾರನೆ ಕಿರುಚಿದಳು. "ರೀ! ತೋಳೆಲ್ಲಿ?"

ಮೇಷ್ಟ್ರು ನೋಡಿಕೊಂಡರು. ಭುಜದಿಂದ ಕೆಳಗೆ ಬರೀ ಕೈ!

"ಚಳಿಗಾಲ ಪೂರ್ತಿ ಕೂತು ಹೆಣೆದಿದ್ದು ಕಣ್ರೀ! ಅಮ್ಮಂಗೆ ಏನಂತ ಹೇಳ್ಲಿ?" ಅವಳ ಕಣ್ಣು ತುಂಬಿ ಬಂತು.

ಮೇಷ್ಟ್ರಿಗೆ ಕರುಳು ಚುರುಕ್ಕೆಂದಿತು. "ಅಳ್ಬೇಡ ಮಾರಾಯ್ತಿ, ನಾಳೆವರೆಗೂ ಟೈಮಿದೆ. ಹೆಣಿಗೆ ಅಂಗಡಿಗೆ ಓಡ್ತೀನಿ."

ಓಡಲು ಬಾಗಿಲು ತೆಗೆದರೆ ಎದುರಿಗೆ ಸಾಕ್ಷಾತ್ ಅತ್ತೆ! ಕೈಯಲ್ಲಿ ಪೆಟ್ಟಿಗೆ, ಬೆನ್ನ ಹಿಂದೆ ಟ್ಯಾಕ್ಸಿ.

ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. "ನೀವು... ನನ್ನ ಲೆಕ್ಕದಲ್ಲಿ ಇನ್ನೂ ಸಮುದ್ರದ ಮೇಲಿದ್ದೀರಿ!"

ಅತ್ತೆ ಅಳಿಯನ ಬರಿಗೈ ನೋಡಿದರು, ನೀಲಿ ಉಣ್ಣೆ ಸುತ್ತಿಕೊಂಡ ಭೂಮಂಡಲವನ್ನೂ ನೋಡಿದರು. ಆಮೇಲೆ ಕೈಚೀಲದಿಂದ ಕಡ್ಡಿ ಸಮೇತ ಒಂದು ಕೆಂಪು ಹೆಣಿಗೆ ಹೊರತೆಗೆದರು.

"ನಿಮಗೇ ಇನ್ನೊಂದು ಸ್ವೆಟರ್ ಅಂತ ವಿಮಾನ ಮೇಲೆದ್ದಾಗ ಈ ತೋಳು ಶುರು ಮಾಡ್ದೆ, ಕೆಳಗಿಳಿಯೋಷ್ಟರಲ್ಲಿ ಮುಗೀತು. ಇನ್ಮೇಲೆ ಮಕ್ಕಳಿಗೆ ಹಾಗೇ ಪಾಠ ಮಾಡಿ ಅಳಿಯಂದ್ರೇ, ಅಲ್ಲಿಂದ ಇಲ್ಲಿಗೆ ಸರಿಯಾಗಿ ಒಂದು ತೋಳಿನ ಹೊತ್ತು! ಎಲ್ಲಿ, ಕೈ ಚಾಚಿ. ಹೊಲಿದುಬಿಡ್ತೀನಿ."