ದೊಡ್ಡಪ್ಪನ ಹಾಳುಬಾವಿ

ನಮ್ಮ ದೊಡ್ಡಪ್ಪ ಬೇಕೆಂದು ಬಂದವರು ಮನೆಬಾಗಿಲು ತಟ್ಟಿ ಪ್ರಯೋಜನವಿರಲಿಲ್ಲ, ಬಾವಿಯಲ್ಲಿ ಇಣುಕಬೇಕಿತ್ತು. ಅರವತ್ತರ ದಶಕದ ಮಾತಿದು. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ವಾರವಿಡೀ ದುಡಿದವನು ರಜೆ ಬಂತೆಂದರೆ ಸೈಕಲ್ಲಿಗೆ ಹಗ್ಗ, ಸಲಿಕೆ ಕಟ್ಟಿಕೊಂಡು ಹರಿಹರದಾಚೆಯ ಹಾಳೂರಿಗೆ ಹೊರಡುತ್ತಿದ್ದ. ಯಾವ ಕಾಲದಲ್ಲೋ ಜನ ಬಿಟ್ಟುಹೋದ ಆ ಊರಿನಲ್ಲಿ ಉಳಿದಿದ್ದದ್ದು ಗೋಡೆಗಳ ಬುಡ, ಜಾಲಿಮುಳ್ಳು ಮತ್ತು ಮೆಟ್ಟಿಲಿನ ಒಂದು ಕಲ್ಲುಬಾವಿ. ಅದರ ಹೂಳೆತ್ತುವುದೇ ಇವನ ವಿಶ್ರಾಂತಿ.

"ನಿಧಿ ಸಿಕ್ತೇನ್ರಿ?" ಎಂದು ಬೀಗರು ಕೇಳಿದರೆ, "ಸಿಕ್ತು, ಒಂದು ಕಪ್ಪೆ" ಎನ್ನುತ್ತಿದ್ದ.

ದೊಡ್ಡಮ್ಮನ ದುಃಖವೇ ಬೇರೆ. "ಮನ್ಯಾಗ ಬಚ್ಚಲು ಕಟ್ಕಂಡೈತೆ, ತೆಗೀರಿ ಅಂದ್ರೆ ಸೊಂಟನೋವು ಅಂತಾರೆ."

ಒಮ್ಮೆ ನಾನೂ ಜೊತೆಗೆ ಹೋದೆ. ಮೆಟ್ಟಿಲ ಮೇಲೆ ಕೂರಿಸಿ ಪಾಠ ಶುರುಮಾಡಿದ. "ಬಾವಿ ಅಂದ್ರೆ ಬರೀ ಕುಡಿಯಾಕೆ ಅನ್ಕಂಡೀಯೇನು? ಈ ಕಲ್ಲುಬಾನಿ ನೋಡು, ದನಕ್ಕೆ. ಆ ಗೂಡು ದೀಪಕ್ಕೆ. ಮದುವ್ಯಾಗಿ ಬಂದ ಹೆಣ್ಣು ಮೊದ್ಲು ಗಂಗವ್ವಗೆ ಕೈ ಮುಗಿಯಾದು ಇಲ್ಲೇ. ಆಮೇಲೆ ಅತ್ತೆ ಕಾಟ ಹೇಳ್ಕಂಡು ಅಳಾದೂ ಇಲ್ಲೇ."

"ಈಗ ಇಲ್ಲಿ ಯಾರದಾರೆ ದೊಡ್ಡಪ್ಪ?"

ಅವನು ಎದ್ದು ಹಗ್ಗ ಇಳಿಬಿಟ್ಟ. ನೀರು ಸೇದಿ, ಬರಲಾರದ ದನಗಳಿಗಾಗಿ ಬಾನಿ ತುಂಬಿಸಿದ.

ಪ್ರತಿ ಮಳೆಗಾಲ ಹೂಳು ಮರಳಿ ತುಂಬುತ್ತಿತ್ತು. ದಂಡೆಯ ಕಲ್ಲುಗಳನ್ನು ಯಾರೋ ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದರು. ತಾಲ್ಲೂಕು ಕಚೇರಿಗೆ ಹೋಗಿ ಹೇಳಿಕೊಂಡ. "ಊರೇ ಇಲ್ಲದ ಊರಿಗೆ ಬಾವಿ ಯಾಕ್ರಿ ಯಜಮಾನ್ರೆ?" ಎಂದರು. ಅಂದು ಸೈಕಲ್ ಹತ್ತದೆ, ತಳ್ಳಿಕೊಂಡೇ ಮನೆಗೆ ಬಂದ.

ಹತ್ತಿಯ ಧೂಳು ಎದೆಗಿಳಿದು ಹಾಸಿಗೆ ಹಿಡಿದ ಮೇಲೆ ಅವನು ಬೇಡಿದ್ದು ಒಂದೇ, ಆ ಬಾವಿಯ ನೀರು. ದೊಡ್ಡಮ್ಮ ನನ್ನನ್ನು ಕರೆದುಕೊಂಡು ಹರಿಹರದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಬಿಸಿಲಲ್ಲಿ ನಡೆದಳು. ಹೋಗಿ ನೋಡಿದರೆ ಬಾವಿಯಿಲ್ಲ. ಜಮೀನು ಕೊಂಡವರು ಅದನ್ನು ಮುಚ್ಚಿ, ನೆಲ ಮಟ್ಟಮಾಡಿ, ಜೋಳ ಬಿತ್ತಿದ್ದರು.

"ಏನಂತ ಹೇಳ್ಲಪ್ಪ ಅವ್ರಿಗೆ?" ಎಂದು ದೊಡ್ಡಮ್ಮ ಬದುವಿನ ಮೇಲೆ ಕುಸಿದು ಕೂತಳು. ಮರಳುವಾಗ ಹರಿಹರದ ಹೊಳೆಗಿಳಿದು ತಂಬಿಗೆ ತುಂಬಿಸಿಕೊಂಡಳು.

ದೊಡ್ಡಪ್ಪ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

"ಹೊಳೆ ನೀರು ಅಲ್ಲೇನೆ ಇದು?"

ದೊಡ್ಡಮ್ಮ ತಲೆ ತಗ್ಗಿಸಿದಳು.

"ಮುಚ್ಚಿದ್ರಾ?"

"ಹ್ಞೂಂ."

ತಂಬಿಗೆ ಕೆಳಗಿಡಲು ಅವನು ಹಾಸಿಗೆಯಿಂದ ವಾಲಿದ. ಆಗ ಅವಳ ಕಾಲಿಗೆ ಮೆತ್ತಿದ್ದ ಕೆಂಧೂಳು ಕಣ್ಣಿಗೆ ಬಿತ್ತು.

"ಈ ಬಿಸ್ಲಾಗೆ ಅಲ್ಲೀತನ ನಡ್ದ್ಯೇನೆ?" ಎಂದವನು ತಂಬಿಗೆಯನ್ನು ಅವಳತ್ತ ಚಾಚಿದ. "ಮೊದ್ಲು ನೀನು ಕುಡಿ."